ಪ್ರಕಟಣೆಗಳು: ಇಲ್ಲ

ಬ್ರಿಟನ್ನಿನಲ್ಲಿ 1986ರಿಂದ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಕೆಲವು ವರ್ಷಗಳಿಗೊಮ್ಮೆ ಅಳೆದು, ಆ ಅಳತೆಗೆ ತಕ್ಕಂತೆ ಸರ್ಕಾರದ ಹಣ ಹಂಚುತ್ತ ಬಂದಿದ್ದಾರೆ. ಅಳೆಯುವ ಕಾಲ ಹತ್ತಿರವಾದಾಗ ವಿಭಾಗಗಳಲ್ಲಿ ಸುತ್ತೋಲೆ ಹೊರಡುತ್ತದೆ: ನಿಮ್ಮ ಇತ್ತೀಚಿನ ಪ್ರಕಟಣೆಗಳ ಪಟ್ಟಿ ಕೊಡಿ. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಒಬ್ಬ ಪ್ರಾಧ್ಯಾಪಕರು ಈ ಸುತ್ತೋಲೆಗೆ ಒಂದೇ ಪದದ ಉತ್ತರ ಕಳುಹಿಸುತ್ತಿದ್ದರು: ಇಲ್ಲ.

ಅವರು ಪೀಟರ್ ಹಿಗ್ಸ್, 'ಹಿಗ್ಸ್ ಬೋಸಾನ್' ಎಂಬ ಕಣದ ಹೆಸರಿನಲ್ಲಿರುವ ಹಿಗ್ಸ್. 2013ರ ಡಿಸೆಂಬರ್‌ನಲ್ಲಿ ನೊಬೆಲ್ ಸ್ವೀಕರಿಸಲು ಸ್ಟಾಕ್‌ಹೋಮ್‌ಗೆ ಹೊರಟಿದ್ದಾಗ ಗಾರ್ಡಿಯನ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಅವರೇ ಇದನ್ನು ಹೇಳಿಕೊಂಡರು. ಸಂಶೋಧನೆಯ ಲೆಕ್ಕ ಒಪ್ಪಿಸುವ ಹೊತ್ತಿಗೆಲ್ಲ ತಮ್ಮಿಂದ ವಿಭಾಗಕ್ಕೆ ಮುಜುಗರವಾಗುತ್ತಿತ್ತು ಎಂದರು. ಇಂದಾಗಿದ್ದರೆ ತಮಗೆ ವಿಶ್ವವಿದ್ಯಾಲಯದ ಕೆಲಸವೇ ಸಿಗುತ್ತಿರಲಿಲ್ಲ, ತಕ್ಕಷ್ಟು ಬರೆಯುವವನೆಂದು ಯಾರೂ ತಮ್ಮನ್ನು ಎಣಿಸುತ್ತಿರಲಿಲ್ಲ ಎಂದೂ ಸೇರಿಸಿದರು. 1964ರ ನಂತರ ಅವರು ಬರೆದ ಪ್ರಬಂಧಗಳು ಹತ್ತಕ್ಕಿಂತ ಕಡಿಮೆ.

ಪ್ರಬಂಧಗಳ ಎಣಿಕೆಯನ್ನು ಬೈಯಬೇಕಾದಾಗಲೆಲ್ಲ ಜನ ಈ ಮಾತನ್ನು ಎತ್ತಿಕೊಳ್ಳುತ್ತಾರೆ. ನಾನು ಗ್ರಂಥಾಲಯದವನು. ಬಡ್ತಿಯ ಅರ್ಜಿ ಹಿಡಿದು ಬರುವ ಅಧ್ಯಾಪಕರಿಗೆ ಅವರ ಪ್ರಬಂಧಗಳ ಪಟ್ಟಿ, ಅವನ್ನು ಇತರರು ನೆನೆದ ಉಲ್ಲೇಖಗಳ ಸಂಖ್ಯೆ, ಎಚ್-ಇಂಡೆಕ್ಸ್ ಎಂಬ ಅಳತೆ ಎಲ್ಲವನ್ನೂ ತೆಗೆದು ಮುದ್ರಿಸಿ ಕೊಡುವುದು ನನ್ನ ಕೆಲಸದಲ್ಲೇ ಸೇರಿದೆ. ಹಾಗಾಗಿ ಬೈಗುಳಕ್ಕಿಂತ ನನಗೆ ಕಡತದ ಮೇಲೆ ಕುತೂಹಲ. ಹಿಗ್ಸ್ ಅವರ ಕಡತ ನನ್ನ ಮೇಜಿಗೆ ಬಂದಿದ್ದರೆ ನಾನು ಏನು ಬರೆದು ಕೊಡುತ್ತಿದ್ದೆ? ಯಾವ ವರ್ಷ ಬಂದಿದ್ದರೆ ಏನು ಬರೆಯುತ್ತಿದ್ದೆ? ಮೊದಲ ಪ್ರಶ್ನೆಯನ್ನು ಹಿಡಿದು ಕೂತವನಿಗೆ ಎರಡನೆಯದೇ ದೊಡ್ಡದೆಂದು ತಿಳಿಯಲು ತಡವಾಗಲಿಲ್ಲ.

ಕಡತದೊಳಗೆ

ಹುಟ್ಟಿದ್ದು 1929ರಲ್ಲಿ, ನ್ಯೂಕ್ಯಾಸಲ್‌ನಲ್ಲಿ. ಪಿಎಚ್.ಡಿ. 1954ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ. ವಿಷಯ ಅಣುಗಳ ಕಂಪನ. ಮುಂದೆ ಹೆಸರು ತಂದ ಕಣಭೌತಶಾಸ್ತ್ರಕ್ಕೂ ಅದಕ್ಕೂ ನೇರ ನಂಟಿಲ್ಲ. 1960ರಲ್ಲಿ ಎಡಿನ್‌ಬರ್ಗ್‌ನಲ್ಲಿ ಉಪನ್ಯಾಸಕ. ನಂತರ ಬರುವುದು 1964ರ ಬೇಸಿಗೆ.

ಆಗಿನ ತೊಡಕು ಹೀಗಿತ್ತು. ಕಣಗಳ ನಡುವಿನ ಬಲಗಳನ್ನು ಸಮಮಿತಿಯ (ನೋಡುವ ಬಗೆ ಬದಲಿಸಿದರೂ ನಿಯಮ ಬದಲಾಗದಿರುವ ಗುಣದ) ತಳಹದಿಯ ಮೇಲೆ ವಿವರಿಸುವ ಸೊಗಸಾದ ಸಿದ್ಧಾಂತಗಳಿದ್ದವು. ಆದರೆ ಅವುಗಳಲ್ಲಿ ಬಲವನ್ನು ಹೊತ್ತೊಯ್ಯುವ ಕಣಕ್ಕೆ ದ್ರವ್ಯರಾಶಿ ಇರುವಂತಿಲ್ಲ. ಪರಮಾಣುವಿನ ಬೀಜದೊಳಗಿನ ಬಲಗಳಾದರೋ ಬಹಳ ಕಿರಿದಾದ ದೂರದವರೆಗೆ ಮಾತ್ರ ಮುಟ್ಟುತ್ತವೆ. ಹಾಗಾಗಲು ಅವನ್ನು ಹೊರುವ ಕಣ ಭಾರವಾಗಿರಬೇಕು. ಸಮಮಿತಿಯನ್ನು ಒಡೆದು ದ್ರವ್ಯರಾಶಿ ತರೋಣವೆಂದರೆ, ಗೋಲ್ಡ್‌ಸ್ಟೋನ್ ಪ್ರಮೇಯ ಅಡ್ಡ ಬರುತ್ತಿತ್ತು: ಒಡೆದರೆ ದ್ರವ್ಯರಾಶಿಯಿಲ್ಲದ ಹೊಸ ಕಣಗಳು ಹುಟ್ಟುತ್ತವೆ ಎನ್ನುತ್ತಿತ್ತು ಅದು. ಅಂಥ ಕಣಗಳನ್ನು ಯಾರೂ ಕಂಡಿರಲಿಲ್ಲ.

ಈ ಪ್ರಮೇಯದಲ್ಲಿ ನುಸುಳಲು ಒಂದು ಸಂದಿ ಇದೆ ಎಂದು ಹಿಗ್ಸ್ ಬರೆದ ಮೊದಲ ಪ್ರಬಂಧ ಜುಲೈ 27ರಂದು ಫಿಸಿಕ್ಸ್ ಲೆಟರ್ಸ್ ಪತ್ರಿಕೆಯನ್ನು ತಲುಪಿ, ಸೆಪ್ಟೆಂಬರ್ 15ರಂದು ಅಚ್ಚಾಯಿತು. 132 ಮತ್ತು 133ನೇ ಪುಟಗಳು, ಅಷ್ಟೇ. ಆ ಸಂದಿಯಲ್ಲಿ ನುಸುಳಿ ತೋರಿಸಿದ ಎರಡನೆಯ ಪ್ರಬಂಧವನ್ನು ಅದೇ ಪತ್ರಿಕೆ ಹಿಂತಿರುಗಿಸಿತು. ಪತ್ರಿಕೆಯ ಸಂಪಾದಕರು ಇದ್ದದ್ದು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ, ಅಂದರೆ 48 ವರ್ಷಗಳ ನಂತರ ಹಿಗ್ಸ್ ಬೋಸಾನ್ ಸಿಕ್ಕ ಜಾಗದಲ್ಲೇ.

ಹಿಗ್ಸ್ ಪ್ರಬಂಧಕ್ಕೆ ಒಂದಿಷ್ಟು ಸೇರಿಸಿ ಅಮೆರಿಕದ ಫಿಸಿಕಲ್ ರಿವ್ಯೂ ಲೆಟರ್ಸ್‌ಗೆ ಕಳುಹಿಸಿದರು. ಅದು ಅಲ್ಲಿಗೆ ಮುಟ್ಟಿದ್ದು ಆಗಸ್ಟ್ 31ರಂದು. ಅದೇ ದಿನ, ಅದೇ ಪತ್ರಿಕೆಯಲ್ಲಿ, ಬ್ರಸೆಲ್ಸ್‌ನ ಫ್ರಾಂಸ್ವಾ ಆಂಗ್ಲೇರ್ ಮತ್ತು ರಾಬರ್ಟ್ ಬ್ರೌಟ್ ಅವರ ಪ್ರಬಂಧ ಅಚ್ಚಾಗಿ ಹೊರಬಂದಿತ್ತು. ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಹಿಗ್ಸ್ ಪ್ರಬಂಧವನ್ನು ಪರಿಶೀಲಿಸಿದ ಯೋಇಚಿರೊ ನಂಬು ಈ ಸಂಗತಿಯನ್ನು ಗಮನಕ್ಕೆ ತಂದರು. ಅಕ್ಟೋಬರ್ 19ರಂದು ಹಿಗ್ಸ್ ಪ್ರಬಂಧ 508 ಮತ್ತು 509ನೇ ಪುಟಗಳಲ್ಲಿ ಬಂದಿತು. ನವೆಂಬರ್‌ನಲ್ಲಿ ಗುರಾಲ್ನಿಕ್, ಹೇಗನ್, ಕಿಬ್ಬಲ್ ಎಂಬ ಮೂವರದು. ಮೂರು ತಂಡ, ಆರು ಜನ, ಕೆಲವೇ ತಿಂಗಳು.

ಹಿಗ್ಸ್ ಸೇರಿಸಿದ್ದರಲ್ಲಿ ಒಂದು ಮಾತು ಮುಖ್ಯವಾದದ್ದು. ಇಂಥ ಸಿದ್ಧಾಂತದಲ್ಲಿ ದ್ರವ್ಯರಾಶಿಯುಳ್ಳ ಒಂದು ಬಗೆಯ ಕಣ ಉಳಿಯಲೇಬೇಕು ಎಂದು ಅಲ್ಲಿ ಬಾಯಿಬಿಟ್ಟು ಹೇಳಿದ್ದಾರೆ. ಹುಡುಕಲು ಏನಾದರೂ ಇದೆ ಎಂದು ಪ್ರಯೋಗಶೀಲರಿಗೆ ಸಿಕ್ಕ ಸುಳಿವು ಅದು. ಪ್ರಬಂಧ ಹಿಂತಿರುಗಿ ಬಾರದಿದ್ದರೆ ಆ ಸಾಲು ಇರುತ್ತಿರಲಿಲ್ಲ. ನಾನು ತುಂಬಿಸುವ ನಮೂನೆಗಳಲ್ಲಿ ತಿರಸ್ಕೃತ ಪ್ರಬಂಧಗಳಿಗೆ ಕಾಲಂ ಇಲ್ಲ.

1966ರಲ್ಲಿ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿ ಇದೇ ವಿಚಾರವನ್ನು ಬಿಡಿಸಿ ಬರೆದ ದೀರ್ಘ ಪ್ರಬಂಧ. ಅಲ್ಲಿಂದಾಚೆ ಕಡತ ತೆಳ್ಳಗಾಗುತ್ತ ಹೋಗುತ್ತದೆ. 1970ರಲ್ಲಿ ರೀಡರ್, 1980ರಲ್ಲಿ ಪ್ರಾಧ್ಯಾಪಕ, 1983ರಲ್ಲಿ ರಾಯಲ್ ಸೊಸೈಟಿಯ ಫೆಲೊ, 1996ರಲ್ಲಿ ನಿವೃತ್ತಿ.

ಎಚ್ ಎಷ್ಟು?

ಉಲ್ಲೇಖಗಳನ್ನು ಎಣಿಸುವ ವ್ಯವಸ್ಥೆ ಬಂದದ್ದೂ 1964ರಲ್ಲೇ. ಫಿಲಡೆಲ್ಫಿಯಾದ ಯೂಜೀನ್ ಗಾರ್‌ಫೀಲ್ಡ್ ಆ ವರ್ಷ ಸೈನ್ಸ್ ಸೈಟೇಶನ್ ಇಂಡೆಕ್ಸನ್ನು ಮಾರುಕಟ್ಟೆಗೆ ತಂದರು. ಯಾವ ಪ್ರಬಂಧವನ್ನು ಮುಂದೆ ಯಾರು ಯಾರು ನೆನೆದರು ಎಂದು ಹುಡುಕಿಕೊಡುವ ದಪ್ಪ ದಪ್ಪ ಸಂಪುಟಗಳು. ಸಾಹಿತ್ಯ ಹುಡುಕುವವರಿಗೆ ನೆರವಾಗಲೆಂದು ಮಾಡಿದ್ದು, ಬರೆದವರನ್ನು ತೂಗುವ ತಕ್ಕಡಿಯಾದದ್ದು ಆಮೇಲೆ.

ಎಚ್-ಇಂಡೆಕ್ಸ್ ಇನ್ನೂ ಈಚಿನದು. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಇದನ್ನು ಮುಂದಿಟ್ಟರು. ಲೆಕ್ಕ ಸುಲಭ. ಒಬ್ಬರ ಪ್ರಬಂಧಗಳನ್ನು ಹೆಚ್ಚು ಉಲ್ಲೇಖ ಪಡೆದದ್ದು ಮೊದಲು ಬರುವಂತೆ ಸಾಲಾಗಿ ನಿಲ್ಲಿಸಿ, ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಿ. ಕ್ರಮಸಂಖ್ಯೆಗಿಂತ ಉಲ್ಲೇಖಗಳು ಕಡಿಮೆಯಾಗುವ ಪ್ರಬಂಧ ಸಿಕ್ಕಿದೊಡನೆ ನಿಲ್ಲಿ. ಅದರ ಹಿಂದಿನ ಸಂಖ್ಯೆಯೇ ಎಚ್. ಐದು ಪ್ರಬಂಧಗಳಿಗೆ 40, 12, 6, 4, 1 ಉಲ್ಲೇಖ ಬಂದಿದ್ದರೆ ಎಚ್ 4. ಮೊದಲನೆಯದಕ್ಕೆ 40ರ ಬದಲು 4000 ಬಂದರೂ ಎಚ್ 4 ಆಗಿಯೇ ಇರುತ್ತದೆ. ಒಂದೇ ಒಂದು ಪ್ರಬಂಧದ ಅದೃಷ್ಟದಿಂದ ಯಾರೂ ಮೇಲೇರಬಾರದು ಎಂಬುದೇ ಈ ಅಳತೆಯ ಹೆಚ್ಚುಗಾರಿಕೆಯಾಗಿತ್ತು.

ಹಿಗ್ಸ್ ಸಿಕ್ಕಿಬೀಳುವುದು ಇಲ್ಲಿಯೇ. ಎಷ್ಟು ಪ್ರಬಂಧ ಬರೆದಿದ್ದೀರೋ ಅದಕ್ಕಿಂತ ಎಚ್ ಹೆಚ್ಚಾಗುವಂತಿಲ್ಲ. 1964ರ ನಂತರದ್ದು ಹತ್ತಕ್ಕಿಂತ ಕಡಿಮೆ ಎಂದಮೇಲೆ ಆ ಭಾಗದಿಂದ ಬರಬಹುದಾದ ಎಚ್ ಹೆಚ್ಚೆಂದರೆ ಒಂಬತ್ತು. ಜಗತ್ತಿನ ಭೌತವಿಜ್ಞಾನಿಗಳೆಲ್ಲ ಸೇರಿ ದಿನಕ್ಕೆರಡು ಸಲ ಉಲ್ಲೇಖಿಸಿದರೂ ಒಂಬತ್ತು. ಅಮೆರಿಕದ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಭೌತಶಾಸ್ತ್ರದ ಸಹ ಪ್ರಾಧ್ಯಾಪಕರಾಗಿ ಕಾಯಂ ಆಗಲು ಸುಮಾರು 12, ಪ್ರಾಧ್ಯಾಪಕರಾಗಲು ಸುಮಾರು 18 ಎಚ್ ಇರಬಹುದು ಎಂದು ಹಿರ್ಶ್ ಆ ಪ್ರಬಂಧದಲ್ಲಿ ಅಂದಾಜು ಕೊಟ್ಟಿದ್ದರು. ಅದೇ ಪ್ರಬಂಧದ ಲೆಕ್ಕದಲ್ಲಿ ಭೌತವಿಜ್ಞಾನಿ ಎಡ್ವರ್ಡ್ ವಿಟನ್ ಅವರ ಎಚ್ 110.

ಈ ಲೆಕ್ಕದ ಇನ್ನೊಂದು ತುದಿಯನ್ನೂ ನೋಡಬೇಕು. 2010ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ ಐಕ್ ಅಂಟ್‌ಕೇರ್ ಎಂಬ ಸಂಶೋಧಕನನ್ನು ಹುಟ್ಟುಹಾಕಿದರು. ಹೆಸರನ್ನು ಜೋರಾಗಿ ಓದಿದರೆ ಇಂಗ್ಲಿಷಿನಲ್ಲಿ 'ನನಗೇನೂ ಬಿದ್ದುಹೋಗಿಲ್ಲ' ಎಂದು ಕೇಳಿಸುತ್ತದೆ. ಅರ್ಥವಿಲ್ಲದ ಪ್ರಬಂಧಗಳನ್ನು ತಾನೇ ಹೆಣೆಯುವ ಒಂದು ತಂತ್ರಾಂಶದಿಂದ ನೂರಕ್ಕೂ ಹೆಚ್ಚು ಪ್ರಬಂಧ ಬರೆಯಿಸಿ, ಒಂದೊಂದೂ ಉಳಿದವನ್ನು ಉಲ್ಲೇಖಿಸುವಂತೆ ಮಾಡಿ, ಗೂಗಲ್ ಸ್ಕಾಲರ್ ಕಣ್ಣಿಗೆ ಬೀಳುವಂತೆ ಇಟ್ಟರು. ಇಲ್ಲದ ಮನುಷ್ಯನ ಎಚ್-ಇಂಡೆಕ್ಸ್ 94 ಆಯಿತು.

ಹಿರ್ಶ್ ಅವರೇ 2020ರಲ್ಲಿ ತಮ್ಮ ಅಳತೆ ಘೋರವಾಗಿ ಸೋಲಬಲ್ಲದು, ತಾವು ಎಣಿಸದ ಕೆಟ್ಟ ಪರಿಣಾಮಗಳನ್ನು ತಂದಿದೆ ಎಂದು ಬರೆದರು. ಭಸ್ಮಾಸುರನಿಗೆ ವರ ಕೊಟ್ಟವನ ಪಾಡು.

ಯಾವ ವರ್ಷದ ಎಣಿಕೆ?

ಈಗ ಕಡತವನ್ನು ವರ್ಷ ವರ್ಷಕ್ಕೆ ನಿಲ್ಲಿಸಿ ನೋಡೋಣ. 1967ರಲ್ಲಿ ಹಿಗ್ಸ್ ಅವರ ಬಡ್ತಿಯ ಅರ್ಜಿ ಬಂದಿದ್ದರೆ ನಾನು ಕೊಡಬಹುದಾಗಿದ್ದುದು ಕೆಲವು ಪ್ರಬಂಧಗಳ ಪಟ್ಟಿ ಮತ್ತು ಬಡಪಾಯಿ ಉಲ್ಲೇಖಗಳು. ಆದರೆ ಅದೇ ವರ್ಷ, ಅಮೆರಿಕದ ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ ಈ 1964ರ ಪ್ರಬಂಧಗಳನ್ನು ಓದಿಕೊಂಡು, ಆ ಉಪಾಯವನ್ನು ದುರ್ಬಲ ಬಲಕ್ಕೂ ವಿದ್ಯುತ್ಕಾಂತ ಬಲಕ್ಕೂ ಹೊಂದಿಸಿ, ಎರಡನ್ನೂ ಒಂದೇ ಸಿದ್ಧಾಂತದಡಿ ತಂದರು. ಎರಡೂವರೆ ಪುಟಗಳ ಪ್ರಬಂಧ. ಮುಂದೆ ಕಣಭೌತಶಾಸ್ತ್ರದ ಇತಿಹಾಸದಲ್ಲೇ ಅತಿ ಹೆಚ್ಚು ಉಲ್ಲೇಖ ಪಡೆದವುಗಳ ಸಾಲಿಗೆ ಅದು ಸೇರಿತು. ಸೇರಿದ್ದು ಮುಂದೆ. ಅಚ್ಚಾದ ಮೊದಲ ಮೂರು ನಾಲ್ಕು ವರ್ಷ ಅದನ್ನು ಹೆಚ್ಚು ಕಡಿಮೆ ಯಾರೂ ಉಲ್ಲೇಖಿಸಲಿಲ್ಲ, ವೈನ್‌ಬರ್ಗ್ ಅವರೂ ಸೇರಿದಂತೆ.

ಇಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ. ಹಿಂದಿನ ಎರಡು ವರ್ಷಗಳಲ್ಲಿ ಒಂದು ಪತ್ರಿಕೆ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಇಂಪ್ಯಾಕ್ಟ್ ಫ್ಯಾಕ್ಟರ್. 1967ರ ಪ್ರಬಂಧ ಲೆಕ್ಕಕ್ಕೆ ಬರುವುದು 1968 ಮತ್ತು 1969ರಲ್ಲಿ. ಆ ಎರಡು ವರ್ಷ ವೈನ್‌ಬರ್ಗ್ ಪ್ರಬಂಧ ತನ್ನ ಪತ್ರಿಕೆಗೆ ಭಾರವಾಗಿತ್ತು. ಅಂಶಕ್ಕೆ ಏನನ್ನೂ ಸೇರಿಸದೆ ಛೇದಕ್ಕೆ ಒಂದನ್ನು ಸೇರಿಸಿ ಸರಾಸರಿಯನ್ನು ಕೆಳಗೆಳೆದಿತ್ತು. ಆ ಕಾಲದಲ್ಲಿ ಈಗಿನಂತೆ ಅಂಕಿ ನೋಡಿ ಪ್ರಬಂಧ ಆರಿಸುವ ಸಂಪಾದಕರಿದ್ದಿದ್ದರೆ ಅದನ್ನು ಬಿಟ್ಟೇ ಬಿಡುತ್ತಿದ್ದರು.

ಗಂಟು ಬಿಚ್ಚಿದ್ದು 1971ರಲ್ಲಿ. ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಗೆರಾರ್ಡ್ ಟ್ ಹೂಫ್ಟ್, ಇಂಥ ಸಿದ್ಧಾಂತಗಳಲ್ಲಿ ಲೆಕ್ಕಗಳು ಅನಂತಕ್ಕೆ ಹಾರದೆ ಸರಿಯಾದ ಉತ್ತರ ಕೊಡುತ್ತವೆ ಎಂದು ತೋರಿಸಿದರು. ಮರುವರ್ಷದಿಂದ ವೈನ್‌ಬರ್ಗ್ ಪ್ರಬಂಧಕ್ಕೆ ಉಲ್ಲೇಖಗಳ ಸುರಿಮಳೆ. ಅವರು ಆಧರಿಸಿದ 1964ರ ಪ್ರಬಂಧಗಳೂ ಅದರ ಜೊತೆಗೆ ಮೇಲೆದ್ದವು. ಹಲವು ವರ್ಷ ಯಾರ ಗಮನಕ್ಕೂ ಬಾರದೆ ಇದ್ದು ಒಮ್ಮೆಲೇ ಏಳುವ ಇಂಥ ಪ್ರಬಂಧಗಳಿಗೆ ಉಲ್ಲೇಖಗಳನ್ನು ಅಧ್ಯಯನ ಮಾಡುವವರು 'ಮಲಗಿದ ಸುಂದರಿ' ಎಂಬ ಹೆಸರಿಟ್ಟಿದ್ದಾರೆ. ನಮ್ಮವರು ಇಟ್ಟಿದ್ದರೆ ಕುಂಭಕರ್ಣ ಎನ್ನುತ್ತಿದ್ದರು, ಎಬ್ಬಿಸಲು ಎಷ್ಟು ನಗಾರಿ ಬೇಕಾಯಿತು ಎಂಬುದೂ ಆ ಹೆಸರಿನಲ್ಲಿ ಬಂದುಬಿಡುತ್ತಿತ್ತು.

1964ರ ಆ ಎರಡು ಪುಟಗಳಲ್ಲಿ 1967ಕ್ಕೂ 1973ಕ್ಕೂ ನಡುವೆ ಒಂದಕ್ಷರವೂ ಬದಲಾಗಿಲ್ಲ. ಬದಲಾದದ್ದು ಸುತ್ತಲಿನವರು. ಹಿಗ್ಸ್ ಅವರ ಉಲ್ಲೇಖಗಳ ಗೆರೆ ಮೇಲೇರಿದ್ದು ಒಬ್ಬ ಡಚ್ ವಿದ್ಯಾರ್ಥಿಯ ಕೆಲಸದಿಂದ. 2012ರ ಜುಲೈ 4ರಂದು ಸರ್ನ್‌ನಲ್ಲಿ ಕಣ ಸಿಕ್ಕಿದೆ ಎಂದು ಸಾರಿದ ಮೇಲೆ ಅವರ ಹೆಸರು ಜಗತ್ತಿಗೆಲ್ಲ ತಿಳಿದದ್ದು ಸಾವಿರಾರು ಎಂಜಿನಿಯರುಗಳ, ಪ್ರಯೋಗಶೀಲರ ಕೆಲಸದಿಂದ. ಉಲ್ಲೇಖದ ಸಂಖ್ಯೆಯನ್ನು ಒಬ್ಬರ ಹೆಸರಿನ ಮುಂದೆ ಬರೆಯುವಾಗ ನಾವು ಇತರರ ದುಡಿಮೆಯನ್ನೂ ಅವರ ಖಾತೆಗೆ ಜಮಾ ಮಾಡುತ್ತಿರುತ್ತೇವೆ. ಆ ದುಡಿಮೆ ನಡೆಯುವ ಮೊದಲೇ ಅರ್ಜಿ ಹಾಕಿದವನ ಖಾತೆ ಬರಿದಾಗಿರುತ್ತದೆ.

ತಪ್ಪು ತಾರೀಕಿನಿಂದ ಬಂದ ಹೆಸರು

ಆರು ಜನರ ಕೆಲಸಕ್ಕೆ ಒಬ್ಬರ ಹೆಸರು ಏಕೆ ಬಂತು ಎಂಬುದಕ್ಕೆ ಒಂದು ಕಾರಣ ಉಲ್ಲೇಖದ ಪಟ್ಟಿಯಲ್ಲೇ ಇದೆ. ವೈನ್‌ಬರ್ಗ್ 2012ರಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ತಪ್ಪೊಪ್ಪಿಗೆ ಬರೆದರು: 1967ರ ಪ್ರಬಂಧದಲ್ಲಿ 1964ರವರನ್ನು ನೆನೆಯುವಾಗ ತಾರೀಕುಗಳನ್ನು ತಪ್ಪಾಗಿ ಓದಿಕೊಂಡು, ಹಿಗ್ಸ್ ಅವರದೇ ಮೊದಲನೆಯದೆಂದು ತಿಳಿದು, ಅವರ ಹೆಸರನ್ನು ಮೊದಲು ಹಾಕಿದೆ, ಮುಂದೆಯೂ ಹಾಗೆಯೇ ಹಾಕುತ್ತ ಬಂದೆ, ಉಳಿದವರು ನನ್ನನ್ನು ಅನುಸರಿಸಿದಂತೆ ಕಾಣುತ್ತದೆ. ಆ ಮೂರರಲ್ಲಿ ನಿಜವಾಗಿ ಮೊದಲನೆಯದು ಬ್ರೌಟ್ ಮತ್ತು ಆಂಗ್ಲೇರ್ ಅವರದು.

ಗ್ರಂಥಾಲಯದವರಿಗೆ ಇದು ಹೊಸದೇನಲ್ಲ. ಉಲ್ಲೇಖಗಳ ಪಟ್ಟಿಯನ್ನು ಮೂಲ ತೆಗೆದು ನೋಡಿ ಬರೆಯುವವರು ಕಡಿಮೆ. ಹಿಂದಿನವರ ಪಟ್ಟಿಯಿಂದ ಇಳಿಸಿಕೊಳ್ಳುವವರೇ ಹೆಚ್ಚು. ಒಬ್ಬರು ಪುಟಸಂಖ್ಯೆ ತಪ್ಪಿದರೆ ಆ ತಪ್ಪು ಮೊಮ್ಮಕ್ಕಳ ಕಾಲದವರೆಗೂ ಇಳಿದು ಬರುತ್ತದೆ. ಇಲ್ಲಿ ಇಳಿದು ಬಂದದ್ದು ಒಂದು ಕಣದ ಹೆಸರು. ಬ್ರೌಟ್ 2011ರಲ್ಲಿ ತೀರಿಕೊಂಡರು, ಕಣ ಸಿಗುವುದಕ್ಕೆ ಒಂದು ವರ್ಷ ಮೊದಲು. 2013ರ ನೊಬೆಲ್ ಹಿಗ್ಸ್ ಮತ್ತು ಆಂಗ್ಲೇರ್ ಅವರಿಗೆ ಬಂತು.

ಆ ಕಣದ ಹೆಸರಿನ ಎರಡನೆಯ ಪದ, ಬೋಸಾನ್, ನಮ್ಮ ದೇಶದ್ದು. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಢಾಕಾದಿಂದ ಐನ್‌ಸ್ಟೈನ್‌ಗೆ ಕಳುಹಿಸಿದ, ಬೆಳಕಿನ ಕಣಗಳನ್ನು ಹೊಸ ಬಗೆಯಲ್ಲಿ ಲೆಕ್ಕ ಹಾಕಿದ ಚಿಕ್ಕ ಪ್ರಬಂಧವನ್ನು ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ಆ ಬಗೆಯ ಲೆಕ್ಕಕ್ಕೆ ಒಳಪಡುವ ಕಣಗಳಿಗೆ ಭೌತವಿಜ್ಞಾನಿ ಡಿರಾಕ್ 'ಬೋಸಾನ್' ಎಂದು ಹೆಸರಿಟ್ಟರು. ಬೋಸ್ ಅವರಿಗೆ ಡಾಕ್ಟರೇಟ್ ಇರಲಿಲ್ಲ. ಪ್ರಾಧ್ಯಾಪಕರಾದದ್ದು ಐನ್‌ಸ್ಟೈನ್ ಕೊಟ್ಟ ಶಿಫಾರಸು ಪತ್ರದ ಬಲದಿಂದ. ಬರೆದ ಪ್ರಬಂಧಗಳೂ ಕಡಿಮೆಯೇ. 'ಹಿಗ್ಸ್ ಬೋಸಾನ್' ಎಂಬ ಎರಡು ಪದಗಳಲ್ಲಿ ಇಬ್ಬರು ಕಡಿಮೆ ಬರೆದವರು ಅಕ್ಕಪಕ್ಕ ಕೂತಿದ್ದಾರೆ.

ನಮ್ಮ ಅಂಕಪಟ್ಟಿಯಲ್ಲಿ ಇಟ್ಟರೆ

ಇದು ಆಟದ ಲೆಕ್ಕ, ಆದರೆ ನಿಯಮಗಳು ನಿಜವಾದವು. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಸಹ ಪ್ರಾಧ್ಯಾಪಕ ಹುದ್ದೆಗೆ ನೇರವಾಗಿ ಅರ್ಜಿ ಹಾಕುವವರಿಗೆ ಕನಿಷ್ಠ ಏಳು ಪ್ರಕಟಣೆ ಮತ್ತು 75 ಸಂಶೋಧನಾ ಅಂಕ ಬೇಕು. ಪ್ರಾಧ್ಯಾಪಕ ಹುದ್ದೆಗೆ ಹತ್ತು ಪ್ರಕಟಣೆ, 120 ಅಂಕ. ವಿಜ್ಞಾನದ ಒಂದು ಪ್ರಬಂಧಕ್ಕೆ ಮೂಲ ಅಂಕ ಎಂಟು. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2ರಿಂದ 5ರೊಳಗಿದ್ದರೆ 20, 5ರಿಂದ 10ರೊಳಗಿದ್ದರೆ 25. ಈ 20, 25 ಎಂಬುದು ಎಂಟರ ಬದಲಿಗೋ, ಎಂಟರ ಜೊತೆಗೋ ಎಂಬುದನ್ನು ನಿಯಮದ ಮಾತು ಎರಡು ರೀತಿ ಓದಲು ಬಿಡುತ್ತದೆ. ಈ ಒಂದು ಪದದ ಮೇಲೆ ನಡೆದ ವಾಗ್ವಾದಗಳನ್ನು ನಾನು ಕಪಾಟಿನ ಹಿಂದೆ ನಿಂತು ಬೇಕಾದಷ್ಟು ಕೇಳಿದ್ದೇನೆ.

1964ರ ಎರಡು ಪ್ರಬಂಧಗಳನ್ನು ಮಾತ್ರ ತೆಗೆದುಕೊಳ್ಳಿ. ಇಂದಿನ ಫಿಸಿಕ್ಸ್ ಲೆಟರ್ಸ್ ಬಿ ಮೊದಲ ವರ್ಗಕ್ಕೆ ಬೀಳುತ್ತದೆ, ಫಿಸಿಕಲ್ ರಿವ್ಯೂ ಲೆಟರ್ಸ್ ಎರಡನೆಯದಕ್ಕೆ. ಒಬ್ಬರೇ ಬರೆದದ್ದರಿಂದ ಅಂಕ ಹಂಚಿಹೋಗುವುದಿಲ್ಲ. ಒಂದು ರೀತಿ ಓದಿದರೆ 20 ಮತ್ತು 25, ಒಟ್ಟು 45. ಇನ್ನೊಂದು ರೀತಿ ಓದಿದರೆ 28 ಮತ್ತು 33, ಒಟ್ಟು 61. ಉದಾರವಾಗಿ ಓದಿದರೂ ನೊಬೆಲ್ ತಂದ ಪ್ರಬಂಧಗಳು ಸಹ ಪ್ರಾಧ್ಯಾಪಕ ಹುದ್ದೆಯ ಹೊಸ್ತಿಲನ್ನು ಮುಟ್ಟುವುದಿಲ್ಲ. ಹಿಗ್ಸ್ ಅವರ ಬಳಿ ಅಣುಕಂಪನದ ಕಾಲದ ಪ್ರಬಂಧಗಳೂ ಇದ್ದವು, ಅವನ್ನೆಲ್ಲ ಸೇರಿಸಿದರೆ 75 ದಾಟಿಬಿಡುತ್ತಿದ್ದರು ಎಂದು ಯಾರಾದರೂ ಹೇಳಬಹುದು. ದಾಟಬಹುದು. ಆದರೆ ಆಗ ಹುದ್ದೆ ಕೊಡಿಸಿದ್ದು ಅಣುಕಂಪನ ಆಗುತ್ತದೆ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಪ್ರಬಂಧವನ್ನು ಇಡುತ್ತೇನೆ. 2015ರ ಮೇ ತಿಂಗಳಲ್ಲಿ ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಸೇರಿ ಹಿಗ್ಸ್ ಬೋಸಾನ್‌ನ ದ್ರವ್ಯರಾಶಿಯನ್ನು ಅಳೆದು ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲೇ ಪ್ರಕಟಿಸಿದವು. ಲೇಖಕರು 5,154 ಜನ. ಒಟ್ಟು 33 ಪುಟಗಳಲ್ಲಿ ಪ್ರಬಂಧ ಒಂಬತ್ತು ಪುಟ, ಉಳಿದ 24 ಪುಟ ಹೆಸರುಗಳು ಮತ್ತು ಸಂಸ್ಥೆಗಳು. ಅದೇ ಯುಜಿಸಿ ನಿಯಮದಲ್ಲಿ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಪ್ರಧಾನ ಲೇಖಕರಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30. ಈ ಪತ್ರಿಕೆಯ 25 ಅಂಕವನ್ನು ಹಿಡಿದರೆ ಮೊದಲಿಗರಿಗೆ 17.5, ಉಳಿದ 5,153 ಜನರಿಗೆ ತಲಾ 7.5. ಹೆಸರುಗಳು ವರ್ಣಮಾಲೆಯ ಕ್ರಮದಲ್ಲಿರುವುದರಿಂದ 17.5 ಹೋಗುವುದು 'ಎ' ಅಕ್ಷರಕ್ಕೆ. ಕೂಡಿಸಿದರೆ ಆ ಒಂದು ಪ್ರಬಂಧದಿಂದ ಜಗತ್ತಿಗೆ ಹಂಚಿಕೆಯಾಗುವ ಅಂಕ 38,665. ಆ ಕಣ ಇದೆ ಎಂದು ಹೇಳಿದ ಪ್ರಬಂಧದ್ದು 25.

ಆ 5,154 ಜನರ ದುಡಿಮೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅಷ್ಟು ಜನ ಕೈಜೋಡಿಸದೆ ಆ ಯಂತ್ರ ನಡೆಯುವುದಿಲ್ಲ. ಒಬ್ಬನೇ ಕೂತು ಬರೆದ ಎರಡು ಪುಟಕ್ಕೂ ಊರಿಗೆ ಊರೇ ಸೇರಿ ಎಳೆದ ತೇರಿಗೂ ಒಂದೇ ಅಳತೆಗೋಲು ಹಿಡಿದರೆ ಗೋಲು ನಗೆಗೀಡಾಗುತ್ತದೆ, ಅಷ್ಟೇ.

ವಿಭಾಗದ ಪರವಾಗಿ

ಇಷ್ಟು ಹೇಳಿದ ಮೇಲೆ ಎಡಿನ್‌ಬರ್ಗ್‌ನ ವಿಭಾಗದವರ ಪರವಾಗಿಯೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಹಿಗ್ಸ್ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇದನ್ನು ಹಾರಿಸಿಬಿಡುತ್ತಾರೆ. ಸುತ್ತೋಲೆ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಹಣ ಜನರದು, ಏನು ಕೆಲಸವಾಯಿತು ಎಂದು ಕೇಳುವ ಹಕ್ಕು ಇದೆ. 'ಇಲ್ಲ' ಎಂಬ ಉತ್ತರವೂ ಸತ್ಯವಾಗಿತ್ತು. ಕಣಭೌತಶಾಸ್ತ್ರ ಹೊಸ ದಿಕ್ಕಿಗೆ ಹೊರಟಾಗ ಅದರ ವೇಗಕ್ಕೆ ತಾವು ಹೆಜ್ಜೆ ಹಾಕಲಾಗಲಿಲ್ಲ ಎಂದು ಹಿಗ್ಸ್ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. 'ಇಲ್ಲ' ಎಂದು ಬರೆದು ಕಳುಹಿಸುವವರು ಯಾವ ದೇಶದ ಯಾವ ವಿಶ್ವವಿದ್ಯಾಲಯದಲ್ಲೂ ಇರುತ್ತಾರೆ. ಅವರಲ್ಲಿ ಬಹುಪಾಲಿನವರ ಕಪಾಟಿನಲ್ಲಿ 1964ರ ಎರಡು ಪುಟಗಳು ಇರುವುದಿಲ್ಲ. ನಮ್ಮ ಕಾಲೇಜುಗಳಲ್ಲಿ 'ನಾನೂ ಹಿಗ್ಸ್ ಥರದವನೇ' ಎಂದು ನಗುತ್ತ ಹೇಳಿ, ಇಪ್ಪತ್ತು ವರ್ಷಗಳಿಂದ ಗ್ರಂಥಾಲಯದ ಮೆಟ್ಟಿಲು ಹತ್ತದವರನ್ನು ನಾನು ಬಲ್ಲೆ.

ಹಾಗಾದರೆ ಹಿಗ್ಸ್ ಕೆಲಸದಲ್ಲಿ ಉಳಿದದ್ದು ಹೇಗೆ? ಅವರ ಪ್ರಕಾರ, 1980ರಲ್ಲಿ ತಮ್ಮ ಹೆಸರು ನೊಬೆಲ್‌ಗೆ ಸೂಚಿತವಾಗದಿದ್ದರೆ ಕೆಲಸದಿಂದ ತೆಗೆದುಹಾಕುವುದು ಬಹುತೇಕ ಖಚಿತವಾಗಿತ್ತು. ಇವನಿಗೆ ನೊಬೆಲ್ ಬಂದರೂ ಬರಬಹುದು, ಬಾರದಿದ್ದರೆ ಯಾವಾಗ ಬೇಕಾದರೂ ಕಳುಹಿಸಬಹುದು ಎಂಬುದು ವಿಶ್ವವಿದ್ಯಾಲಯದ ಲೆಕ್ಕಾಚಾರವಾಗಿತ್ತಂತೆ. ನೊಬೆಲ್‌ಗೆ ಯಾರು ಯಾರನ್ನು ಸೂಚಿಸಿದರು ಎಂಬುದು 50 ವರ್ಷ ಗುಟ್ಟಾಗಿರಬೇಕೆಂಬುದು ಆ ಪ್ರಶಸ್ತಿಯ ನಿಯಮ. ಅಂದರೆ ಅವರನ್ನು ಉಳಿಸಿದ್ದು ಉಲ್ಲೇಖವೂ ಅಲ್ಲ, ಎಚ್ ಕೂಡ ಅಲ್ಲ. ಹೊರಗೆ ಬರಬಾರದಿದ್ದ, ಹೇಗೋ ಬಂದ ಒಂದು ಪಿಸುಮಾತು. ಅದರ ಹಿಂದೆ ಆ ಪ್ರಬಂಧಗಳನ್ನು ಓದಿ, ಇದು ದೊಡ್ಡದು ಎಂದು ಕಾಗದ ಬರೆದ ಯಾರೋ ಒಬ್ಬರು ಇದ್ದಿರಬೇಕು.

ಈ ಲೆಕ್ಕಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು, ಹೆಸರನ್ನೂ ವರ್ಷಗಳನ್ನೂ ಮುಚ್ಚಿ, ನಮ್ಮಲ್ಲಿಗೆ ಪತ್ರಿಕೆ ಓದಲು ಬರುವ ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕರೊಬ್ಬರ ಮುಂದೆ ಇಟ್ಟೆ. ಹಿಂದೆ ಹಲವು ಆಯ್ಕೆ ಸಮಿತಿಗಳಲ್ಲಿ ಕೂತು ಬಂದವರು. ಕನ್ನಡಕ ಏರಿಸಿ ನೋಡಿದರು.

"ವರ್ಷಕ್ಕೆ ಅರ್ಧ ಪ್ರಬಂಧವೂ ಇಲ್ಲವಲ್ಲ. ಯಾರು ಇವರು?"

"ಹೆಸರು ಆಮೇಲೆ ಹೇಳುತ್ತೇನೆ ಸರ್. ಏನು ಮಾಡುತ್ತಿದ್ದಿರಿ?"

"ಮುಂದಿನ ಸಲ ನೋಡೋಣ ಎಂದು ಬರೆಯುತ್ತಿದ್ದೆ." ಹಾಳೆಯನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. "ಇದೇನಿದು, ಒಂಟಿ ಲೇಖಕ, ಎರಡೇ ಪುಟ, ಸಾವಿರಗಟ್ಟಲೆ ಉಲ್ಲೇಖ? ಆ ಎರಡು ಪುಟ ನಿಮ್ಮ ಹತ್ತಿರ ಇದೆಯೇ?"

ಪ್ರತಿ ತೆಗೆದಿಟ್ಟಿದ್ದೆ, ಕೊಟ್ಟೆ. ಮನೆಗೆ ಒಯ್ದರು. ಮರುದಿನ ಮಧ್ಯಾಹ್ನ ಬಂದು ಮೇಜಿನ ಮೇಲಿಟ್ಟರು. ಅಂಚಿನಲ್ಲಿ ಪೆನ್ಸಿಲ್‌ನಿಂದ ನಾಲ್ಕಾರು ಪ್ರಶ್ನಾರ್ಥಕ ಚಿಹ್ನೆಗಳಿದ್ದವು.

"ನನಗೆ ತಿಳಿಯಲಿಲ್ಲ," ಎಂದರು. "ಆದರೆ ತಿಳಿಯುವವರು ಯಾರೆಂದು ಗೊತ್ತು." ಹಾಳೆಯನ್ನು ಮಗುಚಿ, ಅಂಕಿಗಳ ಹಿಂಬದಿಯಲ್ಲಿ, ಒಂದು ಹೆಸರು ಮತ್ತು ಫೋನ್ ನಂಬರ್ ಬರೆದು ಕೊಟ್ಟರು.